ಹಾಳಾದ ಫೈಲು ಹುಡುಕಿಸುತ್ತಿದ್ದ ಮೇಡಂ

ಮೇಡಂ ತೀರಿಕೊಂಡ ಸುದ್ದಿ ನಮ್ಮ ಹಳೆಯ ಕ್ಲಾಸಿನ ವಾಟ್ಸಾಪ್ ಗುಂಪಿಗೆ ಬೆಳಿಗ್ಗೆ ಎಂಟರ ಹೊತ್ತಿಗೆ ಬಂತು. ಹಾಕಿದವರು ಅವರ ತಮ್ಮ. ಯಾರಿಗಾದರೂ ಮಗು ಹುಟ್ಟಿತೆಂದರೆ ಐದು ನಿಮಿಷದಲ್ಲಿ ಮೂವತ್ತು ಹೂಗುಚ್ಛ ಬಂದು ಬೀಳುವ ಗುಂಪು ಅದು. ಅವತ್ತು ಒಂದು ಗಂಟೆಯಾದರೂ ಯಾರೂ ಏನೂ ಬರೆಯಲಿಲ್ಲ. ಕೊನೆಗೆ ಬೊಮ್ಮಸಂದ್ರದ ಒಂದು ಔಷಧಿ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುವ ರಂಗಣ್ಣ ಎರಡು ಪದ ಹಾಕಿದರು: "ಹೋದ್ರಾ? ಸರಿ." ಅದರ ಕೆಳಗೆ ಇನ್ಯಾರೋ ಕೈಮುಗಿದ ಚಿತ್ರ ಒತ್ತಿದರು. ಅದು ಮೇಡಂಗೋ ರಂಗಣ್ಣನಿಗೋ ಗೊತ್ತಾಗಲಿಲ್ಲ.

ನಾನು ಆಗ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಅಳು ಬರಲಿಲ್ಲ. ಇವತ್ತು ನಾನು ತಿನ್ನುತ್ತಿರುವ ಅನ್ನ ಅವರು ಕಲಿಸಿದ ವಿದ್ಯೆಯದು, ಅದರಲ್ಲಿ ಅನುಮಾನವಿಲ್ಲ. ಆದರೂ ನನಗೆ ಮೊದಲು ಅನ್ನಿಸಿದ್ದು, ಇನ್ನು ಮೇಲೆ ನನ್ನನ್ನು "ಏ ನಾಲ್ಕು" ಎಂದು ಕರೆಯುವವರು ಯಾರೂ ಇಲ್ಲ ಎಂಬ ನೆಮ್ಮದಿ.

ನಾಲ್ಕು ಎಂದರೆ ನನ್ನ ಮಷೀನಿನ ನಂಬರು. ಪೀಣ್ಯ ಎರಡನೇ ಹಂತದಲ್ಲಿ, ಒಂದು ಲೇತ್ ಶಾಪಿನ ಮೇಲಿನ ಮಹಡಿಯಲ್ಲಿ ಮೇಡಂ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದರು. ಒಟ್ಟು ಏಳು ಕಂಪ್ಯೂಟರುಗಳು. ಎಲ್ಲವೂ ಯಾವುದೋ ಆಫೀಸಿನವರು ಹಳೆಯದಾಯಿತೆಂದು ವಿಲೇವಾರಿ ಮಾಡಿದ್ದು. ಕೆಳಗೆ ಲೇತ್ ಶುರುವಾದರೆ ಮೇಲೆ ನಮ್ಮ ಕೀಬೋರ್ಡುಗಳು ನಡುಗುತ್ತಿದ್ದವು. ಬರುತ್ತಿದ್ದವರು ನನ್ನಂಥವರೇ: ಗಾರ್ಮೆಂಟ್ಸ್ ಹುಡುಗಿಯರು, ಕೆಲಸ ಹೋದ ಆಪರೇಟರುಗಳು, ಪಿಯುಸಿ ಫೇಲಾಗಿ ಮನೆಯಲ್ಲಿ ಬೈಸಿಕೊಳ್ಳುತ್ತಿದ್ದವರು. ಮೇಡಂ ಯಾರ ಹೆಸರನ್ನೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಅಥವಾ ನೆನಪಿದ್ದೂ ಕರೆಯುತ್ತಿರಲಿಲ್ಲ. ಕೂತ ಮಷೀನಿನ ನಂಬರೇ ನಮ್ಮ ಹೆಸರು.

ಅವರಿಗೆ ಆಗ ಐವತ್ತೈದರ ಆಸುಪಾಸು. ಜಾಲಹಳ್ಳಿ ಕಡೆಯ ಸರ್ಕಾರಿ ಕಾರ್ಖಾನೆಯೊಂದರ ಕ್ವಾರ್ಟರ್ಸಿನಲ್ಲಿ ಬೆಳೆದವರು. ಅಂಥದೇ ಇನ್ನೊಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಇಪ್ಪತ್ತು ವರ್ಷ ದುಡಿದು, ಅದು ಬಾಗಿಲು ಹಾಕಿದಾಗ ಹೊರಗೆ ಬಂದವರು. ಮದುವೆಯಾಗಿರಲಿಲ್ಲ. ಗಂಜಿ ಹಾಕಿದ ಕಾಟನ್ ಸೀರೆ, ಮಣಿಕಟ್ಟಿನ ಒಳಗಡೆಗೆ ತಿರುಗಿಸಿ ಕಟ್ಟಿದ ವಾಚು, ಕೈಯಲ್ಲಿ ಒಂದಡಿಯ ಸ್ಟೀಲ್ ಸ್ಕೇಲು. ಆ ಸ್ಕೇಲಿನಿಂದ ಯಾರಿಗೂ ಹೊಡೆದದ್ದಿಲ್ಲ. ತಪ್ಪು ಮಾಡಿದವರ ಮಾನಿಟರಿನ ನೆತ್ತಿಯ ಮೇಲೆ ಟಕ್ ಟಕ್ ಎಂದು ಎರಡು ಸಲ ಕುಟ್ಟುತ್ತಿದ್ದರು. ಇಡೀ ಕೋಣೆ ಆ ಕಡೆ ತಿರುಗುತ್ತಿತ್ತು. ಅದಕ್ಕಿಂತ ಏಟೇ ವಾಸಿ ಅನ್ನಿಸುತ್ತಿತ್ತು. ಭಾನುವಾರ ಮಧ್ಯಾಹ್ನ ಒಂದಕ್ಕೆ ಸರಿಯಾಗಿ ನಮಗೆ ಬೆನ್ನು ಮಾಡಿ, ಗೋಡೆ ನೋಡುತ್ತಾ ಮೊಸರನ್ನ ತಿನ್ನುತ್ತಿದ್ದರು. ತಿನ್ನುವಾಗ ಯಾರೂ ಮಾತಾಡುವಂತಿರಲಿಲ್ಲ.

ಅವರ ಬಾಯಿ ಎಂಥದೆಂದು ತಿಳಿಯಲು ರಂಗಣ್ಣನ ವಿಷಯ ಹೇಳಿದರೆ ಸಾಕು. ರಂಗಣ್ಣ ಲೇತಿನಲ್ಲಿ ಎಡಗೈಯ ಎರಡು ಬೆರಳು ಕಳೆದುಕೊಂಡು, ಕೆಲಸವನ್ನೂ ಕಳೆದುಕೊಂಡು, ನಲವತ್ತೈದನೇ ವಯಸ್ಸಿನಲ್ಲಿ ಟೈಪಿಂಗ್ ಕಲಿಯಲು ಬಂದಿದ್ದರು. ಮೊದಲ ದಿನ ಅವರ ಕೈ ನೋಡಿದ ಮೇಡಂ, "ಎಂಟು ಬೆರಳು ಇಟ್ಕೊಂಡು ಹತ್ತು ಬೆರಳಿನ ಕೆಲಸ ಕಲಿಯೋಕೆ ಬಂದಿದ್ದೀರಾ? ಲೇತ್ ಮುಂದೇನೇ ಎಚ್ಚರ ಇರ್ಲಿಲ್ಲ, ಇದರ ಮುಂದೆ ಇರುತ್ತಾ?" ಎಂದರು. ನಾವು ನಕ್ಕೆವು. ನಾನೂ ನಕ್ಕೆ. ರಂಗಣ್ಣನೂ ನಕ್ಕರು. ಆಮೇಲೆ ಮೆಟ್ಟಿಲ ಮೇಲೆ ಕೂತು ಟವಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಮುಂದಿನ ವಾರ ಮೇಡಂ ಒಂದು ಹಾಳೆಯನ್ನು ಅವರ ಮುಂದೆ ಎಸೆದರು. ಕೀಬೋರ್ಡಿನ ಚಿತ್ರ ಬರೆದು, ಇರುವ ಎಂಟು ಬೆರಳಿನಲ್ಲಿ ಯಾವ ಅಕ್ಷರಕ್ಕೆ ಯಾವ ಬೆರಳು ಎಂದು ಗುರುತು ಹಾಕಿದ್ದರು. "ಮೂರು ತಿಂಗಳಲ್ಲಿ ಬರದಿದ್ರೆ ಮುಖ ತೋರಿಸ್ಬೇಡಿ." ಮೂರು ತಿಂಗಳಲ್ಲಿ ಬಂತು. ರಂಗಣ್ಣನಿಗೆ ಈಗಿರುವ ಕೆಲಸ ಆ ಹಾಳೆಯಿಂದಲೇ ಸಿಕ್ಕಿದ್ದು. "ಹೋದ್ರಾ? ಸರಿ" ಎಂದು ಬರೆದ ಬೆರಳುಗಳೂ ಅವೇ.

ಟೈಪಿಂಗ್ ಎಲ್ಲ ಕಡೆಯೂ ಕಲಿಸುತ್ತಾರೆ. ಮೇಡಂ ಹತ್ತಿರ ಇದ್ದದ್ದು ರಿಪೇರಿ. ಕಂಪ್ಯೂಟರ್ ಓಡಬೇಕಾದರೆ ಅದರ ಒಳಗೆ ಸಾವಿರಾರು ಸಣ್ಣ ಸಣ್ಣ ಫೈಲುಗಳು ಸರಿಯಾಗಿರಬೇಕು. ನಾವು ಬರೆದಿಟ್ಟವಲ್ಲ, ಕಂಪ್ಯೂಟರಿನ ಸ್ವಂತದವು. ಕರೆಂಟು ದಿಢೀರೆಂದು ಹೋದಾಗ, ಡಿಸ್ಕಿಗೆ ವಯಸ್ಸಾದಾಗ, ಅವುಗಳಲ್ಲಿ ಒಂದೆರಡು ಕೆಡುತ್ತವೆ. ಅಷ್ಟು ಸಾಕು, ಮಷೀನು ಆನ್ ಆಗಿ ಆಗಿ ಆರುತ್ತದೆ. ಪೀಣ್ಯದ ಯಾವ ಅಂಗಡಿಗೆ ತೆಗೆದುಕೊಂಡು ಹೋದರೂ ಒಂದೇ ಮಾತು: ಫಾರ್ಮ್ಯಾಟ್ ಹೊಡೆದುಬಿಡೋಣ, ಎಲ್ಲ ಅಳಿಸಿ ಹೊಸದಾಗಿ ಹಾಕೋಣ. ಆ ಮಾತು ಕೇಳಿದರೆ ಮೇಡಂಗೆ ಮೈ ಉರಿಯುತ್ತಿತ್ತು. "ಹಲ್ಲು ನೋವು ಅಂತ ಹೋದ್ರೆ ತಲೆ ತೆಗೀತಾರಾ? ಯಾವ ಫೈಲ್ ಕೆಟ್ಟಿದೆ ಹುಡುಕು. ಅದೊಂದನ್ನೇ ಸರಿ ಮಾಡು."

ಅದಕ್ಕಾಗಿ ಅವರು ಪ್ರತಿ ಭಾನುವಾರ, ನಾವು ಬರುವುದಕ್ಕೆ ಮುಂಚೆ, ಯಾವುದಾದರೂ ಒಂದು ಮಷೀನಿನಲ್ಲಿ ಬೇಕೆಂದೇ ಒಂದು ಫೈಲು ಕೆಡಿಸಿಡುತ್ತಿದ್ದರು. ಯಾರದೆಂದು ಹೇಳುತ್ತಿರಲಿಲ್ಲ. ಕಪ್ಪು ಪರದೆ ತೆರೆದು, ಒಂದು ಸಾಲಿನ ಆದೇಶ ಕೊಟ್ಟರೆ ಕಂಪ್ಯೂಟರು ತನ್ನನ್ನು ತಾನೇ ತಪಾಸಣೆ ಮಾಡಿಕೊಳ್ಳುತ್ತದೆ. ಹಳೆಯ ಮಷೀನುಗಳು, ನೂರು ಪರ್ಸೆಂಟ್ ಆಗಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಕೊನೆಗೆ ಮೂರರಲ್ಲಿ ಒಂದು ಉತ್ತರ: ಏನೂ ಕೆಟ್ಟಿಲ್ಲ; ಕೆಟ್ಟಿತ್ತು, ಸರಿ ಮಾಡಿದ್ದೇನೆ; ಕೆಟ್ಟಿದೆ, ಆದರೆ ನನ್ನ ಕೈಯಲ್ಲಿ ಸರಿ ಮಾಡಲು ಆಗಲಿಲ್ಲ. ಈ ಮೂರನೆಯದು ಬರುವ ಹಾಗೆಯೇ ಮೇಡಂ ಕೆಡಿಸಿರುತ್ತಿದ್ದರು. ಅದು ಬಂದವರು ಎದ್ದು ನಿಲ್ಲಬೇಕು. ನಿಂತುಕೊಂಡೇ ಸಾವಿರಾರು ಸಾಲಿನ ವರದಿ ಓದಿ, ಕೆಟ್ಟ ಫೈಲಿನ ಹೆಸರು ಹಿಡಿದು, ಅದೇ ಬಗೆಯ ಇನ್ನೊಂದು ಮಷೀನಿನಿಂದ ಒಳ್ಳೆಯ ಪ್ರತಿ ತಂದು ಕೂರಿಸಬೇಕು. ಸಿಗುವವರೆಗೆ ಕೂರುವಂತಿಲ್ಲ, ನೀರು ಕುಡಿಯುವಂತಿಲ್ಲ. ಒಬ್ಬ ಹುಡುಗಿ ಒಮ್ಮೆ ನಾಲ್ಕು ಗಂಟೆ ನಿಂತು, ಕಾಲು ಕುಸಿದು ಬಿದ್ದಳು. ಮೇಡಂ ಅವಳ ಮುಖಕ್ಕೆ ನೀರು ಚಿಮುಕಿಸಿ, ಎಬ್ಬಿಸಿ, "ಎಷ್ಟನೇ ಸಾಲಿನಲ್ಲಿದ್ದೆ?" ಎಂದು ಕೇಳಿದರು.

ಇನ್ನೊಂದು ಅಭ್ಯಾಸ ಅವರದು. ಯಾವುದನ್ನಾದರೂ ಒಂದೇ ಸಲ ಹೇಳುತ್ತಿದ್ದರು. ಮೊದಲ ದಿನವೇ ಹೇಳಿದ್ದರು: "ಯಾರ ಮಷೀನಾದ್ರೂ ಸರಿ, ರಿಪೇರಿಗೆ ಕೈ ಹಾಕೋ ಮುಂಚೆ ಅವರು ಬರೆದಿಟ್ಟಿರೋದನ್ನೆಲ್ಲ ಬೇರೆ ಕಡೆ ಕಾಪಿ ತೆಗೀಬೇಕು. ತೆಗೆದು ಇಟ್ಕೋಬೇಕು, ಓದಬಾರದು. ಬೇರೆಯವರದ್ದು ಓದೋದು ಕಳ್ಳತನ." ಕ್ಲಾಸಿನ ಮಷೀನುಗಳಲ್ಲಿ ಯಾರದೂ ಏನೂ ಇರುತ್ತಿರಲಿಲ್ಲವಾದ್ದರಿಂದ ಆ ಮಾತನ್ನು ನಾವು ಪಾಲಿಸಿ ನೋಡುವ ಸಂದರ್ಭವೇ ಬರಲಿಲ್ಲ. ನಾನಂತೂ ಮರೆತಿದ್ದೆ.

ಐದನೇ ಮಷೀನಿನಲ್ಲಿ ಕೂರುತ್ತಿದ್ದವಳು ಮಂಜುಳಾ. ನಾವಿಬ್ಬರೂ ಪೀಣ್ಯದ ಒಂದೇ ಗಾರ್ಮೆಂಟ್ಸಿನಲ್ಲಿ, ಒಂದೇ ಲೈನಿನಲ್ಲಿ ಇದ್ದವರು. ಅವಳು ಹೊಲಿಯುವವಳು, ನಾನು ಲೈನಿನ ಕೊನೆಯಲ್ಲಿ ಚೆಕಿಂಗ್ ಟೇಬಲ್ಲಿನಲ್ಲಿ ನಿಂತು ಉಳಿದ ದಾರ ಕತ್ತರಿಸುವವಳು. ಕ್ಲಾಸಿಗೆ ನನ್ನನ್ನು ಕರೆದುಕೊಂಡು ಬಂದವಳೂ ಅವಳೇ. ನಮ್ಮ ಲೈನಿನ ಸೂಪರ್‌ವೈಸರನ ಬಗ್ಗೆ ಜಾಸ್ತಿ ಹೇಳುವುದು ಬೇಡ. ಟಾರ್ಗೆಟ್ ಮುಟ್ಟದ ದಿನ ಅವನು ಹೆಂಗಸರ ಕಿವಿಯ ಹತ್ತಿರ ಬಂದು ಆಡುತ್ತಿದ್ದ ಮಾತುಗಳನ್ನು ನಾನು ಇಲ್ಲಿ ಬರೆಯಲಾರೆ. ಮಂಜುಳಾ ಬರೆದಳು. ಯಾವ ದಿನ, ಯಾರಿಗೆ, ಏನಂದ, ಎಲ್ಲಿ ಮುಟ್ಟಿದ, ಪಕ್ಕದಲ್ಲಿ ಯಾರಿದ್ದರು. ಮೊದಲು ಪ್ರೊಡಕ್ಷನ್ ಚೀಟಿಗಳ ಹಿಂದೆ ಗೀಚಿಕೊಂಡು ಬಂದು, ಲಗ್ಗೆರೆಯ ಮನೆಯಲ್ಲಿ ಅವಳ ಅಣ್ಣ ತಂದಿಟ್ಟಿದ್ದ ಹಳೆಯ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದಳು. ಅಣ್ಣನ ಕೈಗೆ ಸಿಕ್ಕೀತೆಂದು ಚೀಟಿಗಳನ್ನು ಹರಿದುಹಾಕುತ್ತಿದ್ದಳು. ಎಂಟು ತಿಂಗಳು ಹೀಗೆ ಬರೆದಳು. ಅದರಲ್ಲಿ ನನ್ನ ಹೆಸರೂ ಆರು ಕಡೆ ಇತ್ತು. ನನಗೆ ತೋರಿಸಿಯೇ ಬರೆದಿದ್ದಳು.

ಅವಳು ಧೈರ್ಯ ಮಾಡಿ ದೂರು ಕೊಟ್ಟಳು. ಕಾರ್ಖಾನೆಯ ಸಮಿತಿ ವಿಚಾರಣೆಗೆ ಬುಧವಾರ ಗೊತ್ತುಮಾಡಿತು. ಅದಕ್ಕೆ ನಾಲ್ಕು ದಿನ ಮುಂಚೆ ಕಂಪ್ಯೂಟರು ಕೈಕೊಟ್ಟಿತು. ಆನ್ ಮಾಡಿದರೆ ನೀಲಿ ಪರದೆ, ತಾನೇ ಆಫ್ ಆಗಿ ಮತ್ತೆ ಆನ್, ಮತ್ತೆ ನೀಲಿ. ಶನಿವಾರ ಸಂಜೆ ನನ್ನನ್ನೂ ಕರೆದುಕೊಂಡು ಆಟೋದಲ್ಲಿ ಅದನ್ನು ಹೊತ್ತು ತಂದು ಮೇಡಂ ಮುಂದೆ ಇಟ್ಟಳು.

"ಇಟ್ಟು ಹೋಗು. ನಾಳೆ ಕ್ಲಾಸಿನಲ್ಲಿ ನಾಲ್ಕು ರಿಪೇರಿ ಮಾಡ್ತಾಳೆ," ಎಂದರು ಮೇಡಂ.

ನನಗೆ ಹೆಮ್ಮೆಯಾಯಿತು. ಆ ತಿಂಗಳು ಮೂರು ಸಲ ಎಲ್ಲರಿಗಿಂತ ಮುಂಚೆ ಫೈಲು ಹಿಡಿದಿದ್ದೆ. ಮೆಟ್ಟಿಲಿಳಿಯುವಾಗ ಮಂಜುಳಾ ನನ್ನ ಕೈ ಹಿಡಿದುಕೊಂಡು, "ನೀನೇ ಅಂದ್ರೆ ನಂಗೆ ಭಯ ಇಲ್ಲ ಬಿಡು," ಎಂದಳು.

ಭಾನುವಾರ ಬೆಳಿಗ್ಗೆ ಎಲ್ಲರೂ ನನ್ನ ಸುತ್ತ ನಿಂತರು. ಮಷೀನನ್ನು ಹೇಗೋ ಸೇಫ್ ಮೋಡಿನಲ್ಲಿ, ಎಂದರೆ ತೀರಾ ಅಗತ್ಯದ ಫೈಲುಗಳಷ್ಟರಿಂದಲೇ, ಎಬ್ಬಿಸಿದೆ. ಆಗ ಅವಳ ಫೋಲ್ಡರು ಪರದೆಯ ಮೇಲೆ ಕಣ್ಣೆದುರೇ ಇತ್ತು. ಒಂದು ಪೆನ್ ಡ್ರೈವಿಗೆ ಎಳೆದು ಹಾಕಲು ಎರಡು ನಿಮಿಷ ಸಾಕಿತ್ತು. ನಾನು ನೇರವಾಗಿ ಕಪ್ಪು ಪರದೆ ತೆರೆದೆ. ಮೇಡಂ ನನ್ನ ಹಿಂದೆ ನಿಂತಿದ್ದರು. ಸ್ಕೇಲು ಕುಟ್ಟಲಿಲ್ಲ.

ಮೂರನೆಯ ಉತ್ತರ ಬಂತು: ಕೆಟ್ಟಿದೆ, ಸರಿ ಮಾಡಲು ಆಗಲಿಲ್ಲ. ವರದಿ ತೆರೆದು ಇಪ್ಪತ್ತು ನಿಮಿಷದಲ್ಲಿ ಹೆಸರು ಹಿಡಿದೆ. ಪಕ್ಕದ ಮಷೀನಿನಿಂದ ಒಳ್ಳೆಯ ಪ್ರತಿ ತಂದು ಕೂರಿಸಿದೆ. ಆ ಪಕ್ಕದ ಮಷೀನು ಬೇರೆ ಬಗೆಯದು ಎಂಬುದನ್ನು ಅವಸರದಲ್ಲಿ ನೋಡಲೇ ಇಲ್ಲ. ಮತ್ತೆ ಆನ್ ಮಾಡಿದಾಗ ಮಂಜುಳಾಳ ಕಂಪ್ಯೂಟರು ಸೇಫ್ ಮೋಡಿಗೂ ಏಳಲಿಲ್ಲ. ಯಾರೋ ಹಿಂದೆ ಕಿಸಕ್ಕೆಂದರು. ನನ್ನ ಕಿವಿ ಬಿಸಿಯಾಯಿತು. ಡಿಸ್ಕ್ ಬಿಚ್ಚಿ ಬೇರೆ ಮಷೀನಿಗೆ ಜೋಡಿಸಿದ್ದರೆ ಆಗಲೂ ಎಲ್ಲ ಉಳಿಯುತ್ತಿತ್ತು. ನಾನು ಹೊಸದಾಗಿ ಹಾಕುವ ಸೀಡಿ ಹಾಕಿದೆ. ಎಲ್ಲ ಅಳಿಸಲೇ ಎಂದು ಅದು ಕೇಳಿತು. ಕೇಳಿದ್ದನ್ನು ಓದದೆ ಹೌದು ಎಂದು ಒತ್ತಿದೆ.

ಮುಕ್ಕಾಲು ಗಂಟೆಯ ನಂತರ ಕಂಪ್ಯೂಟರು ಹೊಸದರಂತೆ ಹತ್ತಿಕೊಂಡಿತು. ಪರದೆಯ ಮೇಲೆ ಹಸಿರು ಗುಡ್ಡದ ಚಿತ್ರ. ಬೇರೆ ಏನೂ ಇಲ್ಲ.

"ನನ್ನ ಫೋಲ್ಡರ್ ಎಲ್ಲೇ?" ಎಂದಳು ಮಂಜುಳಾ.

ನಾನು ಹುಡುಕುವವಳಂತೆ ಅಲ್ಲಿ ಇಲ್ಲಿ ಒತ್ತಿದೆ. ಅವಳು ಮೇಡಂ ಕಡೆ ತಿರುಗಿದಳು. "ಮೇಡಂ, ವಾಪಸ್ ಬರಲ್ವಾ? ಬುಧವಾರಕ್ಕೆ ಬೇಕಿತ್ತು ಮೇಡಂ."

"ಅಳಿಸಿದವಳನ್ನ ಕೇಳು," ಎಂದರು ಮೇಡಂ. ವಾಚು ನೋಡಿಕೊಂಡು ಮೊಸರನ್ನದ ಡಬ್ಬಿ ತೆಗೆದು, ಗೋಡೆಯ ಕಡೆ ತಿರುಗಿ ಕೂತರು.

ಒಳಗೆ ಏನಿತ್ತೆಂದು ಮಂಜುಳಾ ಅಷ್ಟು ಜನರ ಮುಂದೆ ಹೇಳಲಿಲ್ಲ. ಹೇಳುವಂಥ ಮಾತುಗಳೇ ಅಲ್ಲ ಅವು. ನಾನೂ ಹೇಳಲಿಲ್ಲ. ಅವಳು ಕಂಪ್ಯೂಟರನ್ನು ಅಲ್ಲಿಯೇ ಬಿಟ್ಟು, ಮೆಟ್ಟಿಲಿಳಿದು ಹೋದಳು.

ಬುಧವಾರ ಬರಿಗೈಯಲ್ಲಿ ವಿಚಾರಣೆಗೆ ಹೋದಳು. ನಾನು ಲೈನಿನಲ್ಲಿದ್ದೆ. ಎಂಟು ತಿಂಗಳು ಬರೆದಿಟ್ಟಿದ್ದೆ ಎನ್ನುತ್ತೀಯ, ಒಂದು ಹಾಳೆಯೂ ಇಲ್ಲವಲ್ಲ ಎಂದರಂತೆ. ಕಂಪ್ಯೂಟರ್ ಕೆಟ್ಟಿತು ಅಂದಳಂತೆ. ಸೂಪರ್‌ವೈಸರ್ ನಕ್ಕನಂತೆ. ಗುರುವಾರ ಅವಳ ಮುಂದೆ ಒಂದು ಕಾಗದ ಇಟ್ಟು, ಸುಳ್ಳು ದೂರಿಗೆ ಕ್ರಮ ಬೇಕೋ, ನೀನಾಗಿಯೇ ಹೋಗುತ್ತೀಯೋ ಎಂದು ಕೇಳಿದರು. ಅವಳು ಸಹಿ ಹಾಕಿದಳು. ಮಧ್ಯಾಹ್ನ ಅವಳ ಮಷೀನಿನ ಮುಂದೆ ಬೇರೆಯವಳು ಕೂತಿದ್ದಳು. ಸೂಪರ್‌ವೈಸರ್ ನನ್ನ ಟೇಬಲ್ಲಿನ ಹತ್ತಿರ ಬಂದು, ನಾನು ಚೆಕ್ ಮಾಡಿದ ಒಂದು ಶರ್ಟು ಎತ್ತಿ ನೋಡಿ, "ಒಳ್ಳೆ ಕೆಲಸ," ಎಂದು ಹೋದ.

ಮುಂದಿನ ಭಾನುವಾರ ಕ್ಲಾಸು ಶುರುವಾಗುವ ಮುಂಚೆ ಮೇಡಂ ನನ್ನನ್ನು ಎಲ್ಲರೆದುರು ಕರೆದರು. ಕೈಯಲ್ಲಿ ಒಂದು ಪೆನ್ ಡ್ರೈವ್.

"ಏ ನಾಲ್ಕು, ಒದ್ದಾಡಿದ್ಯಾ ಒಂದು ವಾರ? ನಿದ್ದೆ ಬಂತಾ?"

"ಇಲ್ಲ ಮೇಡಂ."

"ತಗೋ. ಕಾಪಿ ಅಂದ್ರೆ ಇದು. ಶನಿವಾರ ಅವಳು ಮಷೀನ್ ಇಟ್ಟು ಹೋದ ತಕ್ಷಣ ತೆಗೆದಿಟ್ಟಿದ್ದೆ. ನೀನು ತೆಗೀತೀಯೋ ಇಲ್ವೋ ನೋಡೋಣ ಅಂತ ಸುಮ್ಮನಿದ್ದೆ. ಅವತ್ತೇ ಕೊಟ್ಟಿದ್ರೆ ಸಂಜೆಗೆ ಮರೀತಿದ್ದೆ. ಈಗ ಸಾಯೋವರೆಗೂ ಮರೆಯಲ್ಲ."

ಎಲ್ಲರೂ ನಕ್ಕರು. ಕ್ಲಾಸಿಗೆ ಅದೊಂದು ಒಳ್ಳೆಯ ತಮಾಷೆಯಾಗಿ ಕಂಡಿತು. ನಾನು ಆ ಪೆನ್ ಡ್ರೈವ್ ಹಿಡಿದುಕೊಂಡು ನಿಂತೆ. ಆಮೇಲೆ ಅದರಲ್ಲಿ ಏನಿದೆ ಎಂದು ಹೇಳಿದೆ. ಬುಧವಾರ ಏನಾಯಿತು, ಗುರುವಾರ ಏನಾಯಿತು ಎಂದೂ ಹೇಳಿದೆ. ಹೇಳುವಾಗ ನನಗೆ ಒಂಥರಾ ಖುಷಿಯಾಗುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಅವರ ಮುಖದ ಬಣ್ಣ ಇಳಿಯುವುದನ್ನು ನಾನು ನೋಡಿದ್ದು ಅದೇ ಮೊದಲು.

"ಯಾಕೆ ಹೇಳಲಿಲ್ಲ ನಂಗೆ?"

"ನೀವು ಕೇಳಲಿಲ್ಲ ಮೇಡಂ."

"ಬುಧವಾರ ಅಂದ್ಳು. ಯಾವುದೋ ಅರ್ಜಿ ಇರ್ಬೇಕು ಅಂದ್ಕೊಂಡೆ." ಅವರು ಸ್ಕೇಲನ್ನು ಮೇಜಿನ ಮೇಲಿಟ್ಟರು. ನನ್ನ ಕೈಯಿಂದ ಪೆನ್ ಡ್ರೈವ್ ವಾಪಸ್ ತೆಗೆದುಕೊಂಡರು. "ಎಲ್ಲಾ ಮನೆಗೆ ಹೋಗಿ," ಎಂದರು. ನನಗೆ ತಿಳಿದಂತೆ ಅವರು ಕ್ಲಾಸು ಅರ್ಧಕ್ಕೆ ನಿಲ್ಲಿಸಿದ್ದು ಆ ಒಂದೇ ದಿನ.

ಸೋಮವಾರ ಮಧ್ಯಾಹ್ನ ಊಟಕ್ಕೆ ಇಳಿಯುವಾಗ ಮೆಟ್ಟಿಲ ಕಿಟಕಿಯಿಂದ ನೋಡಿದೆ. ನಮ್ಮ ಕಾರ್ಖಾನೆಯ ಗೇಟಿನಲ್ಲಿ, ಸೆಕ್ಯುರಿಟಿಯವರ ಬೆಂಚಿನ ತುದಿಯಲ್ಲಿ ಮೇಡಂ ಕೂತಿದ್ದರು. ಗಂಜಿ ಹಾಕಿದ ಸೀರೆ, ತೊಡೆಯ ಮೇಲೆ ಚೀಲ, ನೆಟ್ಟಗಿನ ಬೆನ್ನು. ಸೆಕ್ಯುರಿಟಿಯವನು ಅವರ ಪಕ್ಕದಲ್ಲೇ ಕಾಲು ಚಾಚಿ ಫೋನು ನೋಡುತ್ತಿದ್ದ. ನಾನು ಗೇಟಿನ ಕಡೆ ಹೋಗಲಿಲ್ಲ. ಹಿಂದಿನ ಮೆಟ್ಟಿಲಿನಿಂದ ಇಳಿದು ಕ್ಯಾಂಟೀನಿಗೆ ಹೋದೆ. ಸಂಜೆ ಐದೂವರೆಗೆ ಶಿಫ್ಟ್ ಬಿಟ್ಟಾಗಲೂ ಅವರು ಅಲ್ಲೇ ಇದ್ದರು. ಮುನ್ನೂರು ಹೆಂಗಸರ ಗುಂಪಿನ ನಡುವೆ ತಲೆ ತಗ್ಗಿಸಿಕೊಂಡು, ವೇಲು ಮುಖಕ್ಕೆ ಎಳೆದುಕೊಂಡು ಅವರನ್ನು ದಾಟಿ ಹೋದೆ.

ಆ ಭಾನುವಾರ ಅವರಾಗಿಯೇ ಹೇಳಿದರು. "ಒಳಗೆ ಬಿಡಲಿಲ್ಲ. ಕೆಲಸ ಬಿಟ್ಟವಳ ವಿಷಯ ಮುಗೀತು ಅಂದ್ರು. ನಾಲ್ಕು, ನೀನು ಅವತ್ತು ಡ್ಯೂಟಿಲಿದ್ಯಾ?"

"ಇದ್ದೆ ಮೇಡಂ. ನಿಮ್ಮನ್ನ ನೋಡಲಿಲ್ಲ."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಪೆನ್ ಡ್ರೈವ್ ಕೊಟ್ಟು, "ಅವಳಿಗೆ ತಲುಪಿಸು," ಎಂದಷ್ಟೇ ಹೇಳಿದರು.

ಲಗ್ಗೆರೆಯಲ್ಲಿ ಮಂಜುಳಾ ಬಟ್ಟೆ ಒಗೆಯುತ್ತಿದ್ದಳು. ಒದ್ದೆ ಕೈಯಲ್ಲೇ ಪೆನ್ ಡ್ರೈವ್ ತೆಗೆದುಕೊಂಡಳು. "ಇದನ್ನ ಈಗ ಏನ್ ಮಾಡ್ಲಿ?" ಎಂದಳು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ: ಕಾಪಿ ಮೇಡಂ ಹತ್ತಿರವೇ ಇತ್ತು, ಬೇಕೆಂದೇ ವಾರ ಇಟ್ಟುಕೊಂಡಿದ್ದರು, ನಿನ್ನನ್ನು ಹಾಳು ಮಾಡಿದ್ದು ಆ ಹೆಂಗಸು. ಅವಳು ಕೇಳಿಸಿಕೊಂಡು, ಮತ್ತೆ ಬಟ್ಟೆ ಕುಕ್ಕಲು ಶುರುಮಾಡಿದಳು. ಮುಂದಿನ ತಿಂಗಳು ಅವಳ ಅಣ್ಣ ಅವಳಿಗೆ ನೆಲಮಂಗಲದ ಕಡೆ ಗಂಡು ಹುಡುಕಿ ಕಳಿಸಿಬಿಟ್ಟ. ನನ್ನನ್ನು ಮದುವೆಗೆ ಕರೆಯಲಿಲ್ಲ.

ನಾನು ಮೇಡಂ ಹತ್ತಿರ ಕಲಿಯುವುದನ್ನು ಬಿಡಲಿಲ್ಲ. ಅವರ ಬಗ್ಗೆ ಹೊರಗೆ ಎಷ್ಟು ಕೆಟ್ಟದಾಗಿ ಮಾತಾಡುತ್ತಿದ್ದೆನೋ ಅಷ್ಟೇ ತಪ್ಪದೆ ಕ್ಲಾಸಿಗೆ ಹೋಗುತ್ತಿದ್ದೆ. ಐದು ತಿಂಗಳ ನಂತರ ಅವರೇ ಯಾರಿಗೋ ಫೋನ್ ಮಾಡಿ, ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಕಂಪ್ಯೂಟರ್ ರಿಪೇರಿ ವಿಭಾಗಕ್ಕೆ ನನ್ನನ್ನು ಇಂಟರ್‌ವ್ಯೂಗೆ ಕಳಿಸಿದರು. "ಅಲ್ಲಿ ಹೋಗಿ ಹಲ್ಲು ಕಿರೀಬೇಡ. ನಿನ್ನ ನಗು ನೋಡಿ ಯಾರೂ ಕೆಲಸ ಕೊಡಲ್ಲ," ಎಂದು ಬುದ್ಧಿ ಹೇಳಿದರು. ಕೆಲಸ ಸಿಕ್ಕಿತು. ನಾನು ಅವರಿಗೆ ಸಿಹಿ ಕೊಡಲೂ ಹೋಗಲಿಲ್ಲ. ಎರಡು ವರ್ಷದ ಮೇಲೆ ಕ್ಲಾಸು ಮುಚ್ಚಿತೆಂದು ಕೇಳಿದೆ.

ಹೋದ ವರ್ಷ ದಸರಾ ರಜೆಯಲ್ಲಿ ಅವರ ತಮ್ಮ ಫೋನ್ ಮಾಡಿದರು. "ಅಕ್ಕನಿಗೆ ಶ್ವಾಸಕೋಶದ ತೊಂದರೆ. ಹಾಸಿಗೆ ಹಿಡಿದಿದ್ದಾಳೆ. ಅವಳ ಕಂಪ್ಯೂಟರ್ ಆನ್ ಆಗ್ತಿಲ್ಲ, ನಿಮ್ಮನ್ನೇ ಕರೀಬೇಕಂತೆ."

ಜಾಲಹಳ್ಳಿಯ ಆ ಬೀದಿ ಮಧ್ಯಾಹ್ನವೂ ಸದ್ದಿಲ್ಲದೆ ಇತ್ತು. ಮೇಡಂ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡು ಮಂಚದ ಮೇಲಿದ್ದರು. ಅರ್ಧ ಆಗಿದ್ದರು. ಪಕ್ಕದ ಮೇಜಿನ ಮೇಲೆ ಅವರ ಹಳೆಯ ಕಂಪ್ಯೂಟರು. ನನ್ನನ್ನು ನೋಡಿ, "ದಪ್ಪ ಆಗಿದ್ದೀಯ," ಎಂದರು.

ಡಿಸ್ಕ್ ಬಿಚ್ಚಿ, ನನ್ನ ಲ್ಯಾಪ್‌ಟಾಪಿಗೆ ಜೋಡಿಸಿ, ಮೊದಲು ಎಲ್ಲದರ ಕಾಪಿ ತೆಗೆದೆ. ಅವರು ಕತ್ತು ಹೊರಳಿಸಿ ನೋಡುತ್ತಿದ್ದರು. ಆಮೇಲೆ ತಪಾಸಣೆಗೆ ಹಾಕಿದೆ. ಮುಕ್ಕಾಲು ಗಂಟೆ ಇಬ್ಬರೂ ಅದರ ಅಂಕಿ ಏರುವುದನ್ನು ನೋಡುತ್ತಾ ಕಾದೆವು. ಆಮ್ಲಜನಕದ ಯಂತ್ರದ ಗುಳುಗುಳು ಒಂದೇ ಸದ್ದು. ಎರಡು ಫೈಲು ಕೆಟ್ಟಿದ್ದವು. ಸರಿಯಾದ ಪ್ರತಿ ಹುಡುಕಿ ಕೂರಿಸಿದೆ. ಕಂಪ್ಯೂಟರು ಎದ್ದಿತು. ಪರದೆಯ ಮೇಲೆ ಇದ್ದದ್ದು ನಾಲ್ಕೈದು ಫೋಲ್ಡರು. ಅದರಲ್ಲಿ ಒಂದರ ಹೆಸರು "ಐದು."

"ಅದನ್ನ ಮುಟ್ಬೇಡ. ಅವಳದ್ದು," ಎಂದರು ಮೇಡಂ.

"ಇನ್ನೂ ಇಟ್ಕೊಂಡಿದ್ದೀರಾ? ಓದಿದ್ರಾ?"

"ಬೇರೆಯವರದ್ದು ಓದಲ್ಲ." ಉಸಿರು ಎಳೆದುಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. "ಹೇಗಿದ್ದಾಳೆ ಅವಳು?"

ಅಷ್ಟು ವರ್ಷದಲ್ಲಿ ನಾನು ಮಂಜುಳಾಳ ಜೊತೆ ಒಂದು ಮಾತೂ ಆಡಿರಲಿಲ್ಲ. ಕ್ಲಾಸಿನ ಗುಂಪಿನಲ್ಲೂ ಅವಳಿರಲಿಲ್ಲ, ಅವಳ ನಂಬರೂ ನನ್ನ ಹತ್ತಿರ ಇರಲಿಲ್ಲ. ಆದರೂ ಹೇಳಿದೆ: "ಈಗ್ಲೂ ನಿಮ್ಮನ್ನ ಬೈತಾಳೆ ಮೇಡಂ. ಬೇಗ ಸಾಯ್ಲಿ ಅಂತಾಳೆ."

ಯಾಕೆ ಹಾಗೆ ಹೇಳಿದೆ ಎಂದರೆ, ಹೇಳಬಹುದಿತ್ತು. ಅವರು ಎದ್ದು ಬರುವ ಹಾಗಿರಲಿಲ್ಲ.

ಮೇಡಂ ಕಣ್ಣು ಮುಚ್ಚಿಕೊಂಡರು. "ಜಾಸ್ತಿ ಕಾಯಬೇಕಾಗಿಲ್ಲ ಅನ್ನು," ಎಂದರು. ನಾನು ಕಂಪ್ಯೂಟರ್ ಆಫ್ ಮಾಡಿ, ಅವರ ತಮ್ಮ ಕೊಟ್ಟ ಕಾಫಿ ಕುಡಿದು ಬಂದೆ.

ಅದೇ ಕೊನೆ. ಸುದ್ದಿ ಬಂದ ದಿನ, ಹಳೆಯ ಲೈನಿನ ಗೆಳತಿಯೊಬ್ಬಳಿಂದ ಮಂಜುಳಾಳ ನಂಬರು ಪಡೆದು, ಮಧ್ಯಾಹ್ನ ಕ್ಯಾಂಟೀನಿನಲ್ಲಿ ತಟ್ಟೆ ಮುಂದಿಟ್ಟುಕೊಂಡು ಫೋನ್ ಮಾಡಿದೆ. ಅವಳು ಈಗ ನೆಲಮಂಗಲದಲ್ಲಿ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಹೊಲಿಗೆ ಮಷೀನಿನ ಸದ್ದು ಕೇಳುತ್ತಿತ್ತು.

"ಕಂಪ್ಯೂಟರ್ ಮೇಡಂ ಹೋದ್ರು ಕಣೇ," ಎಂದೆ. "ಒಂದು ವರ್ಷ ನರಳಿದ್ರು."

"ಅಯ್ಯೋ ಪಾಪ," ಎಂದಳು.

"ಏನೇ ಪಾಪ ಅಂತೀಯ! ಕಾಪಿ ಕೈಲಿಟ್ಕೊಂಡು ನಿನ್ನ ಬಾಳು ಹಾಳು ಮಾಡಿದ್ದು ಅವರೇ ತಾನೇ?"

ಹೊಲಿಗೆ ಮಷೀನು ನಿಂತಿತು.

"ಅವತ್ತು ಕಮಿಟಿ ಮೀಟಿಂಗಲ್ಲಿ ಹೊರಗಿಂದ ಬಂದ ಒಬ್ರು ಲಾಯರಮ್ಮ ಇದ್ರು," ಎಂದಳು. "ಕಾಗದ ಇಲ್ಲಾಂದ್ರೆ ಹೋಗ್ಲಿ, ಬಾಯಲ್ಲಿ ಹೇಳೋರು ಯಾರಾದ್ರೂ ಇದ್ದಾರೇನಮ್ಮ ಅಂತ ಕೇಳಿದ್ರು. ನಿನ್ನ ಹೆಸ್ರು ಹೇಳ್ದೆ. ಪ್ಯೂನ್ ಬಂದಿದ್ನಲ್ಲ ನಿನ್ನ ಹತ್ರ?"

ಬಂದಿದ್ದ. ಚೆಕಿಂಗ್ ಟೇಬಲ್ಲಿನ ಪಕ್ಕ ನಿಂತು, ಮೇಲೆ ಕರೀತಿದ್ದಾರೆ, ಮಂಜುಳಾ ಪರವಾಗಿ ಹೇಳೋದೇನಾದ್ರೂ ಇದ್ಯಾ ಎಂದು ಕೇಳಿದ್ದ. ಸೂಪರ್‌ವೈಸರನ ಕುರ್ಚಿ ಖಾಲಿ ಇತ್ತು, ಅವನು ಮೇಲೆಯೇ ಇದ್ದ. ನಾನು ಕೈಯಲ್ಲಿದ್ದ ಕಾಲರಿನ ದಾರ ಕತ್ತರಿಸುತ್ತಾ, ತಲೆಯೆತ್ತದೆ, ನನಗೇನೂ ಗೊತ್ತಿಲ್ಲ, ಅವಳ ಪರಿಚಯವೂ ಅಷ್ಟಕ್ಕಷ್ಟೇ ಎಂದಿದ್ದೆ. ಇದನ್ನು ನಾನು ಮೇಡಂಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

"ಬಂದಿದ್ದ," ಎಂದೆ.

"ಆಯಮ್ಮ ಗೇಟ್ ತನಕನಾದ್ರೂ ಬಂದ್ರಂತೆ," ಎಂದಳು ಮಂಜುಳಾ. "ನೀನು ಒಳಗೇ ಇದ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಎಷ್ಟೋ ವರ್ಷದ ಹಿಂದೆಯೇ ಯೋಚಿಸಿ ಮುಗಿಸಿದವಳ ದನಿ. ಆ ಕಡೆ ಹೊಲಿಗೆ ಮಷೀನು ಮತ್ತೆ ಶುರುವಾಯಿತು.

"ಇರ್ಲಿ ಬಿಡು," ಎಂದಳು. "ಊಟ ಆಯ್ತಾ?"

"ಆಯ್ತು," ಎಂದೆ. ತಟ್ಟೆಯಲ್ಲಿ ಅನ್ನ ಹಾಗೆಯೇ ಇತ್ತು.